ನಮ್ಮ ಪೈಕಿ ಮೀನು

ದೇವನೂರಿನ ಮಲ್ಲಾಜಮ್ಮನ ಮನೆಯ ಹೊಸ್ತಿಲನ್ನು ಕೋಳಿಮೊಟ್ಟೆ ಕೂಡ ದಾಟಿದ್ದಿಲ್ಲ. ಅಂಥ ಮನೆಗೆ ಸೊಸೆ ಶಿವರಂಜನಿ ನಂಜನಗೂಡಿನಿಂದ ಗಾಜಿನ ತೊಟ್ಟಿ ಸಮೇತ ಒಂದು ಮೀನು ತಂದಳು. ಹೆಬ್ಬೆರಳಿನಷ್ಟೂ ಇಲ್ಲ, ಮೈಯೆಲ್ಲ ಕೆಂಪು, ಬಾಲದ ಬುಡ ಕಪ್ಪು. ಅಂಗಡಿಯವನು ಅದನ್ನು ಮೊಟ್ಟೆಯಿಡದೆ ಮರಿ ಹಾಕುವ ಪ್ಲಾಟಿ ಎಂದಿದ್ದ. ಅತ್ತೆ ಮುಖ ಸಿಂಡರಿಸಿದಾಗ, "ಇದು ಪಾಚಿ ತಿನ್ನೋ ಮೀನು ಅತ್ತೆ," ಎಂದಳು.

ಆ ಒಂದು ಮಾತಿಗೆ ಮುದುಕಿ ಕರಗಿದಳು. ಅದಕ್ಕೆ ಕೆಂಪವ್ವ ಎಂದು ಹೆಸರಿಟ್ಟಳು. ಬಂದವರಿಗೆಲ್ಲ, "ನಮ್ಮ ಪೈಕಿ ಮೀನು ಕಣ್ರವ್ವ, ಸೊಪ್ಪು ಬಿಟ್ರೆ ಬ್ಯಾರೆ ಮುಟ್ಟಾಕಿಲ್ಲ," ಎಂದು ಬೀಗಿದಳು. ಅಂಗಡಿಯಿಂದಲೇ ಬಸಿರು ಹೊತ್ತು ಬಂದಿದ್ದ ಕೆಂಪವ್ವನ ಹೊಟ್ಟೆ ಉಬ್ಬಿದಾಗಂತೂ ಹೆರಿಗೆಗೆ ಮಗಳು ಬಂದಷ್ಟೇ ಸಡಗರ. ಬಾಣಂತಿ ಕೋಣೆ ಚೊಕ್ಕಟವಾಗಿರಬೇಕಲ್ಲ! ಮೀನಿನ ನೀರಿಗೆ ಕೈ ಹಾಕದೆ, ಕೋಲಿಗೆ ನಾರು ಕಟ್ಟಿ ಗಾಜು ಉಜ್ಜಿದಳು. ಎಳೆಎಳೆಯಾಗಿ ಬೆಳೆದಿದ್ದ ಪಾಚಿಯನ್ನೆಲ್ಲ ಸುತ್ತಿ ಎಳೆದು ತೆಂಗಿನ ಬುಡಕ್ಕೆ ಎಸೆದಳು.

ಮಾರನೆಯ ಬೆಳಿಗ್ಗೆ ಸೊಸೆ ಕೆಲಸಕ್ಕೆ ಬಸ್ಸು ಹತ್ತಿದ ಮೇಲೆ ಮರಿಗಳು ಹುಟ್ಟಿದವು. ಮಲ್ಲಾಜಮ್ಮ ಕೈ ಮುಗಿದಳು. ಆಗ ಕೆಂಪವ್ವ ತಿರುಗಿ ಬಂದು ಒಂದು ಮರಿಗೆ ಬಾಯಿ ತಾಗಿಸಿದಳು. ಮುತ್ತಿಡುತ್ತಿದ್ದಾಳೆ ಎಂದುಕೊಂಡಳು ಮುದುಕಿ. ಮರಿ ಮತ್ತೆ ಕಾಣಲಿಲ್ಲ.

ಸೊಸೆಗೆ ಫೋನು ಮಾಡಿದಳು.

"ಅಯ್ಯೋ ರಂಜನಿ, ಎತ್ತವ್ವನೇ ಮರೀನ ತಿಂತಾವ್ಳೆ ಕಣವ್ವ!"

"ಹೆದರ್ಬೇಡಿ ಅತ್ತೆ, ಮರಿಗಳು ಪಾಚಿಯೊಳಗೆ ಬಚ್ಚಿಟ್ಕೊಳ್ತವೆ."

"ಪಾಚಿ ಎಲ್ಲೈತವ್ವ? ನಾನೇ ಕಿತ್ತಾಕ್ಬುಟ್ಟೆ."

"ಟೀ ಸೋಸೋ ಜಾಲರೀಲಿ ತಾಯೀನ ಎತ್ತಿ ಬಕೆಟ್ಟಿಗೆ ಹಾಕಿ. ಬೇಗ!"

"ಅಡಿಗೆ ಮನೇದಲ್ವಾ ಅದು..."

"ಅತ್ತೆ!"

ಓಡಿ ತಂದಳು. ಆದರೆ ಲಿಂಗ ಕಟ್ಟಿಸಿಕೊಂಡ ದಿನದಿಂದ ಮೀನು ಮುಟ್ಟದ ಕೈ, ನೀರಿನ ಮೇಲೆಯೇ ನಿಂತುಬಿಟ್ಟಿತು. ಕಡೆಗೆ ಕಣ್ಣು ಮುಚ್ಚಿ ಅದ್ದಿದಳು. ನೀರು ಬಂತು, ಕೆಂಪವ್ವ ಬರಲಿಲ್ಲ. ಮತ್ತೆ ಮತ್ತೆ ಅದ್ದಿದಳು. ಎಪ್ಪತ್ತು ದಾಟಿದ ಕೈಗೆ ಆ ಚುರುಕು ಎಲ್ಲಿಂದ ಬರಬೇಕು? ಕೊನೆಗುಳಿದ ಒಂದು ಮರಿ ಅವಳ ಕಡೆಯ ಗಾಜಿಗೆ ಬಂದು ಒತ್ತಿಕೊಂಡಿತು. ಅವಳು ಹೊರಗಿನಿಂದಲೇ ಅಂಗೈ ಅಡ್ಡ ಹಿಡಿದಳು. ಅಂಗೈಯ ಆಚೆಯೇ ಕೆಂಪವ್ವ ಬಾಯಿ ತೆರೆದಳು.

ಸಂಜೆ ಶಿವರಂಜನಿ ಬಂದಾಗ ಅತ್ತೆ ತೆಂಗಿನ ಬುಡದಲ್ಲಿ ಕೂತು, ಒಣಗಿದ ಪಾಚಿಯಿಂದ ಮಣ್ಣು ಬಿಡಿಸಿ ಲೋಟದ ನೀರಿಗೆ ಹಾಕುತ್ತಿದ್ದಳು.

"ಇನ್ನು ಇದ್ಯಾಕತ್ತೆ?"

ಮಲ್ಲಾಜಮ್ಮ ತಲೆ ಎತ್ತಲಿಲ್ಲ. "ನೆನ್ನೆಯಿಂದ ಅಸ್ಕೊಂಡಿದ್ಲು ಕಣವ್ವ ಅವ್ಳು. ಬಾಯಿಂದ ಸೊಪ್ಪು ಕಿತ್ಕೊಂಡೋಳು ನಾನು."