ಹನ್ನೆರಡು ಇರಲಿ, ಮುಟ್ಟಬೇಡಿ

ಲೋಟದ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳೆದ್ದು ಅಂಚಿಗೆ ಹೋಗಿ ಅಳಿಯುತ್ತಿವೆ, ಗೋಡೆಯಾಚೆಯ ಕಂಪ್ರೆಸರಿನ ಗುಂಯ್ ಸದ್ದು ಮೇಜಿನ ಕಾಲು ಹತ್ತಿ ಬರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಕಂಟ್ರೋಲ್ ರೂಮೇ ತೂಕಡಿಸುತ್ತಿದೆ, ನಾನೂ — ವಾಲ್ವು ಮುಚ್ಚಿ ಮಾವ, ಒಂದೊಂದೇ ಪರ್ಸೆಂಟ್ ಇಳಿಸಿ, ನಾನಿದ್ದೀನಲ್ಲ, ಎನ್ನುತ್ತಾಳೆ ಪಕ್ಕದ ಕುರ್ಚಿಯ ಇಂಜಿನಿಯರಮ್ಮ, ನನ್ನ ತಂಗಿಯ ಮಗಳು, ನಾನೇ ಜಡೆ ಹೆಣೆದು ಶಾಲೆಗೆ ಕಳಿಸಿದವಳು, ಈಗ ನನಗೇ ಪಾಠ. ಅನಿಲವನ್ನು ಮಂಜುಗಡ್ಡೆಗಿಂತ ತಣ್ಣಗೆ ಮಾಡಿ ದ್ರವವಾಗಿಸುವ ಕಾರ್ಖಾನೆ ಇದು, ಕಂಪ್ರೆಸರ್ ಒತ್ತಿ ಕಳಿಸಿದ್ದರಲ್ಲಿ ಒಂದು ಪಾಲನ್ನು ಮತ್ತೆ ಅದರ ಬಾಯಿಗೇ ತಿರುಗಿಸುವ ಈ ವಾಲ್ವು ಹತ್ತೊಂಬತ್ತು ವರ್ಷದಿಂದ ಹನ್ನೆರಡು ಪರ್ಸೆಂಟ್ ತೆರೆದೇ ಇದೆ, ರುಬ್ಬಿದ್ದನ್ನೇ ರುಬ್ಬಿದ ಹಾಗೆ, ಎಷ್ಟು ಕರೆಂಟ್ ದಂಡ ಗೊತ್ತಾ ಮಾವ, ಹೀಗಿಡೋಕೆ ಯಾರು ಹೇಳಿದ್ದು, ಎಂದು ಮೊನ್ನೆ ಕೇಳಿದಳು, ಮೇಲಿನವರಿರಬೇಕು ಕಣಮ್ಮ ಎಂದೆ, ಒಳಗೊಳಗೇ ನನ್ನನ್ನೇ ಬೈದುಕೊಂಡೆ, ಅಯ್ಯೋ ಸುಳ್ಳುಬುರುಕ, ಪಾಳಿ ಪುಸ್ತಕದಲ್ಲಿ ಬರೆದವನು ನೀನೇ, ಹನ್ನೆರಡು ಇರಲಿ, ಮುಟ್ಟಬೇಡಿ, ಆಮೇಲಿನ ಪಾಳಿಯವರು ನಕಲು ಮಾಡಿದರು, ಅವರ ನಂತರದವರೂ, ಪುಸ್ತಕ ಹೋಗಿ ಕಂಪ್ಯೂಟರ್ ಬಂದರೂ ಆ ಸಾಲು ಹೋಗಲಿಲ್ಲ, ತಿಂಗಳ ರಜೆ ಮುಗಿಸಿ ಬಂದ ನಾನೂ ಬಾಯಿ ಮುಚ್ಚಿಕೊಂಡು ನಕಲು ಮಾಡಿದೆ. ನನ್ನ ಮಾತೇ ನನಗೆ ಅಪ್ಪಣೆಯಾಗಿತ್ತು.

ಹನ್ನೊಂದು, ಹತ್ತು, ಸದ್ದು ಬದಲಾಗಿಲ್ಲ, ಒಂಬತ್ತು — ಹತ್ತೊಂಬತ್ತು ವರ್ಷದ ಹಿಂದೆ ಆಸ್ಪತ್ರೆಯಿಂದ ಫೋನಿನಲ್ಲಿ ನನ್ನಮ್ಮ, ಬೇಗ ಬಾರೋ, ಅಣ್ಣ ಬಂದ್ನಾ ಬಂದ್ನಾ ಅಂತಿದಾಳೆ ನಿನ್ ತಂಗಿ, ಬಂದೆ ಅಮ್ಮ ಬಂದೆ, ಆದರೆ ಅನಿಲದ ಹರಿವು ತೋರಿಸುವ ಮೀಟರಿನ ಮುಳ್ಳು ಅವತ್ತು ಹುಚ್ಚುಹುಚ್ಚಾಗಿ ಕುಣಿಯುತ್ತಿತ್ತು, ಪಾಳಿಗೆ ಬಂದವನು ಹೊಸಬ, ನಾನು ಹೋದಮೇಲೆ ಅನಿಲ ಸಾಲದೆ ಯಂತ್ರ ಏದುಸಿರು ಬಿಟ್ಟು ನಡುಗಿ ಒಡೆದರೆ ಏನು ಗತಿ, ವಾಲ್ವು ತೆರೆದು ಮುಳ್ಳು ತಣ್ಣಗಾಗುವವರೆಗೆ ನಿಂತೆ, ಇಪ್ಪತ್ತು ನಿಮಿಷ, ಸಾಲು ಬರೆದು ಓಡಿದೆ, ಆಸ್ಪತ್ರೆಯ ಕಾರಿಡಾರಿನಲ್ಲಿ ಆರು ವರ್ಷದ ಇವಳು, ತನ್ನಮ್ಮನ ನೀಲಿ ಚಪ್ಪಲಿ ಮೆಟ್ಟಿಕೊಂಡು, ಹಿಮ್ಮಡಿಯ ಹಿಂದೆ ನಾಲ್ಕು ಬೆರಳಷ್ಟು ಖಾಲಿ, ಅಮ್ಮ ಈಗಷ್ಟೇ ಮಲಗಿದ್ಲು ಮಾವ, ಈಗಷ್ಟೇ. ಏಳು, ಆರು, ನೀಲಿ ಚಪ್ಪಲಿ, ಐದು. ಎಷ್ಟೋ ಜನರ ಪ್ರಾಣ ಕಾಯುತ್ತಿದ್ದೆನಲ್ಲ, ಅದಕ್ಕೇ ತಡವಾಯಿತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ, ಅದೊಂದೇ ನನ್ನನ್ನು ಮಲಗಿಸುತ್ತಿದ್ದುದು — ಮೂರು, ನೋಡಿದ್ರಾ ಮಾವ, ಜಗ್ಗಲ್ಲ ಇದು, ಹಳೇ ಗ್ರಾಫ್ ತೆಗೆಸಿ ನೋಡಿದೀನಿ, ಮೊದಲ ಸಲ ವಾಲ್ವು ತೆರೆದಾಗ ಕೆಟ್ಟಿದ್ದು ಮೀಟರ್ ಒಂದೇ, ಯಂತ್ರಕ್ಕೆ ಏನೂ ಆಗಿರ್ಲಿಲ್ಲ, ಸುಮ್ನೆ ಬಿಟ್ಟಿದ್ರೂ ನಡೀತಿತ್ತು. ಸುಮ್ಮನೆ ಬಿಟ್ಟಿದ್ದರೂ. ಗ್ರಾಫಿನ ಹಾಳೆ ನನ್ನತ್ತ ತಿರುಗಿಸುತ್ತಾಳೆ, ಮೂಲೆಯ ತಾರೀಖು ಅವಳ ಕಣ್ಣಿಗೆ ಈಗ ಬಿತ್ತು, ಬೆರಳು ಅಲ್ಲೇ ನಿಂತಿತು, ಮಾವ, ಇದು ಅಮ್ಮ ಹೋದ — ಹೂಂ ಕಣೇ, ಆ ಸಾಲು ಬರೆದವನು ನಾನೇ, ಅದನ್ನ ಬರ್ದು ಆಮೇಲೆ ಓಡ್ಬಂದೆ. ಎರಡು, ಒಂದು, ಸೊನ್ನೆ, ಯಂತ್ರ ತನ್ನ ಪಾಡಿಗೆ ತಾನು ಹಾಡಿಕೊಂಡಿದೆ, ಇಪ್ಪತ್ತು ನಿಮಿಷ, ನೀಲಿ ಚಪ್ಪಲಿ, ಹಿಮ್ಮಡಿಯ ಹಿಂದೆ ನಾಲ್ಕು ಬೆರಳು, ನೀಲಿ ಚಪ್ಪಲಿ