ಏಳನೆಯ ಮನೆ

ಮಂಗಳವಾರ ಸಂಜೆ ಕೆಟೂರಾ ಬಾಯ್ಕಿನ್ ನಾಲ್ಕು ಮನೆಗಳ ಕಸದ ಡಬ್ಬಗಳನ್ನು ಒಂದೊಂದಾಗಿ ಉರುಳಿಸಿಕೊಂಡು ಬಂದು ಬೀದಿಯ ಅಂಚಿಗೆ ನಿಲ್ಲಿಸಿದಳು. ಆ ನಾಲ್ಕು ಮನೆಗಳಲ್ಲಿ ಯಾರೂ ಇರಲಿಲ್ಲ.

ಖಾಲಿ ಡಬ್ಬ ಎತ್ತಿದರೆ ಕಸದ ಲಾರಿಯವರಿಗೆ ತಿಳಿದುಬಿಡುತ್ತದೆ. ಅದಕ್ಕೇ ಅವಳು ವಾರವಿಡೀ ತನ್ನ ಮನೆಯ ಕಸವನ್ನು ನಾಲ್ಕು ಚೀಲಗಳಿಗೆ ಹಂಚುತ್ತಿದ್ದಳು. ಒಂದಕ್ಕೆ ಕಾಫಿಯ ಚರಟ, ಒಂದಕ್ಕೆ ಮೊಟ್ಟೆಯ ಸಿಪ್ಪೆ, ಒಂದಕ್ಕೆ ತರಕಾರಿ ಸಿಪ್ಪೆ, ಒಂದಕ್ಕೆ ಹಳೆಯ ಪತ್ರಿಕೆ. ಒಂಟಿ ಹೆಂಗಸಿನ ಕಸ ಎಷ್ಟಿದ್ದೀತು? ಹಂಚಿದ ಮೇಲೆ ತನ್ನ ಡಬ್ಬಕ್ಕೆ ಹಾಕಲು ಏನೂ ಉಳಿಯುತ್ತಿರಲಿಲ್ಲ.

ಕಾರ್ವರ್ ಬೀದಿಯ ಆ ತುಂಡಿನಲ್ಲಿ ಹನ್ನೆರಡು ಮನೆಗಳು. ಜನ ಇದ್ದದ್ದು ಮೂರರಲ್ಲಿ. ಒಂದರಲ್ಲಿ ಕೆಟೂರಾ. ಎದುರಿಗೆ ಓಜೆಲ್ ಕ್ರೂಮ್, ಮೂವತ್ತೆಂಟು ವರ್ಷ ಊರಿನ ಬಸ್ಸು ಓಡಿಸಿ ನಿವೃತ್ತನಾದವನು. ಮೂಲೆಯಲ್ಲಿ ಡೋರ್ಥಾ ಹೇಯ್ಸ್, ಚರ್ಚಿನಲ್ಲಿ ಹಾಡುವವಳು. ಉಳಿದವರು ಕಾರ್ಖಾನೆ ಮುಚ್ಚಿದಾಗ ಕೆಲವರು, ಆಮೇಲೆ ಕೆಲವರು, ಹೀಗೆ ಹೊರಟುಹೋಗಿದ್ದರು.

ಈಗ ಆ ದಾರಿಯಲ್ಲಿ ವೇಗದ ಬಸ್ಸು ಬರುವುದಿತ್ತು. ದಾರಿಯ ಎರಡೂ ಬದಿ ಹಳೆಯ ಮನೆಗಳನ್ನು ಕೆಡವಿ ಐದು ಮಹಡಿಯ ಕಟ್ಟಡಗಳನ್ನು ಕಟ್ಟುತ್ತಾರೆ. ನಗರಸಭೆಯವರು ಸಭೆ ಕರೆದು ತೋರಿಸಿದ ಚಿತ್ರದಲ್ಲಿ ಎಳೆಯ ಮರಗಳಿದ್ದವು, ತೆಳ್ಳಗಿನ ನಾಯಿ ಹಿಡಿದುಕೊಂಡ ಜನರಿದ್ದರು. ಡೋರ್ಥಾ ಎದ್ದು ನಿಂತು, "ಇದ್ರಲ್ಲಿ ನಾನೆಲ್ಲಿದೀನಿ, ಸ್ವಲ್ಪ ತೋರ್ಸಿ" ಎಂದಿದ್ದಳು. ಯಾರೂ ತೋರಿಸಲಿಲ್ಲ.

ನಿಯಮವನ್ನು ಮಾತ್ರ ಸ್ಪಷ್ಟವಾಗಿ ಹೇಳಿದರು. ಹನ್ನೆರಡರಲ್ಲಿ ಏಳು ಮನೆಗಳಲ್ಲಿ ಜನರಿದ್ದರೆ ಬೀದಿಯ ಆ ತುಂಡನ್ನು ಬಿಡುತ್ತಾರೆ, ಬಸ್ ನಿಲ್ದಾಣವೂ ಉಳಿಯುತ್ತದೆ. ಆರೇ ಇದ್ದರೆ ಎಲ್ಲವೂ ಹೋಗುತ್ತದೆ. ಬೀದಿ ಉಳಿದರೂ, ಜನರಿಲ್ಲವೆಂದು ಬರೆದುಕೊಂಡ ಮನೆಗೆ ಕಿತ್ತಳೆ ಬಣ್ಣದ ಚೀಟಿ ಬೀಳುತ್ತದೆ, ಒಂದು ತಿಂಗಳಲ್ಲಿ ಅದನ್ನು ಕೆಡವುತ್ತಾರೆ. ಎಣಿಕೆಗೆ ಬರುವವರು ಬೀದಿಯಲ್ಲೇ ನಿಂತು ನೋಡುತ್ತಾರೆ. ಮುಂದಿನ ದಾರಿಯ ಹಿಮ ತೆಗೆದಿದೆಯೇ, ಜಗಲಿಯಲ್ಲಿ ದೀಪವಿದೆಯೇ, ಡಬ್ಬ ಹೊರಗೆ ಬಂದಿದೆಯೇ, ಇಷ್ಟೇ. ಅನುಮಾನ ಬಂದರೆ ಪಕ್ಕದ ಮನೆಯಲ್ಲಿ ಕೇಳುತ್ತಾರೆ.

ಆದ್ದರಿಂದ ಮೂವರೂ ಸೇರಿ ನಾಲ್ಕು ಮನೆಗಳನ್ನು ಬದುಕಿಸಿಟ್ಟಿದ್ದರು. ದೀಪಗಳು ಓಜೆಲ್‌ನ ಪಾಲು. ಪರದೆ, ಬಾಗಿಲಿನ ಹೂಮಾಲೆ ಡೋರ್ಥಾಳ ಪಾಲು. ಹಿಮ ಮತ್ತು ಡಬ್ಬ ಕೆಟೂರಾಳದು, ಮೂವರಲ್ಲಿ ಚಿಕ್ಕವಳು ಅವಳೇ ಎಂದು. ಬ್ಯಾಟರಿ ದೀಪ ಒಂದು ಕಡಿಮೆ ಬಿದ್ದಾಗ ಅವಳು ತನ್ನ ಜಗಲಿಯದನ್ನೇ ಬಿಚ್ಚಿ ಆ ನಾಲ್ಕರಲ್ಲಿ ಒಂದಾದ ಟಾಲಿವರ್ ಮನೆಗೆ ಕೊಟ್ಟಿದ್ದಳು.

ಎಣಿಕೆ ಮರುದಿನ ಬೆಳಿಗ್ಗೆ. ಡಬ್ಬಗಳನ್ನು ನಿಲ್ಲಿಸಿ ಅವಳು ಡೋರ್ಥಾಳ ಅಡುಗೆಮನೆಗೆ ಬಂದಳು. ಓಜೆಲ್ ಆಗಲೇ ಕೇಕಿನ ಎರಡನೆಯ ತುಂಡು ತಿನ್ನುತ್ತಿದ್ದ.

"ಮಿಸ್ಟರ್ ಓಜೆಲ್, ಪಿಕೆಟ್ ಮನೆ ಮುಂದಿನ ಹಿಮ ಯಾಕೆ ತೆಗೆದ್ರಿ? ಅದು ನಮ್ಮ ನಾಲ್ಕರಲ್ಲಿ ಇಲ್ವಲ್ಲ."

"ನಾನಾ? ಈ ಸೊಂಟ ಇಟ್ಕೊಂಡಾ? ಮಗಳೇ, ಬಗ್ಗಿ ಬೂಟಿನ ದಾರ ಕಟ್ಟಿ ಆರು ತಿಂಗಳಾಯ್ತು."

"ಅವನ ಸೊಂಟ ನನ್ನ ಕೇಕಿನ ಹತ್ರ ಬಗ್ಗೋಕೆ ಮಾತ್ರ ಸರಿಯಾಗಿರುತ್ತೆ," ಎಂದಳು ಡೋರ್ಥಾ.

"ನೋಡು, ಕೊಟ್ಟಿದ್ದನ್ನೂ ಎಣಿಸ್ತಾಳೆ ಈ ಹೆಂಗಸು."

"ಹಾಗಾದ್ರೆ ಯಾರು ತೆಗೆದ್ರು?"

"ಗಾಳಿಗೆ ಹಾರಿರ್ಬೇಕು, ಬಿಡಮ್ಮ."

"ಗಾಳಿ ಅಂಚು ನೆಟ್ಟಗೆ ಕತ್ತರಿಸಿ ತೆಗೆಯುತ್ತಾ, ಮಿಸ್ ಡೋರ್ಥಾ?"

ಪಿಕೆಟ್ ಮನೆ ಕೆಟೂರಾಳ ಪಕ್ಕದ್ದು. ಅದರ ಹಿಂಭಾಗ ಸುಟ್ಟು ಆರು ವರ್ಷವಾಗಿತ್ತು. ಮುಂದೆ ನಿಂತು ನೋಡಿದರೆ ಮನೆ, ಹಿಂದಿನಿಂದ ನೋಡಿದರೆ ಆಕಾಶ.

"ನಿನ್ನೆ ಬಸ್ಸಲ್ಲೂ ಹಾಗೇ ಆಯ್ತು," ಎಂದಳು ಕೆಟೂರಾ. "ಕೊನೇಲಿ ನಾನೊಬ್ಳೇ ಇದ್ದೆ. ಬಸ್ಸು ನಿಲ್ಸೋ ಹಗ್ಗಕ್ಕೆ ಕೈ ಹಾಕೋಕೆ ಮುಂಚೆನೇ ಗಂಟೆ ಹೊಡೀತು. ಡ್ರೈವರ್ ಹಿಂದಿನ ಬಾಗಿಲು ತೆಗೆದ. ನಾನು ಮುಂದಿನಿಂದ ಇಳಿದೆ."

"ಹಳೇ ಹಗ್ಗ. ಚಳಿಗೆ ಬಿಗಿಯುತ್ತೆ." ಓಜೆಲ್ ಚಮಚ ಕೆಳಗಿಟ್ಟ. "ಹಿಂದಿನ ಬಾಗಿಲು ಎಷ್ಟು ಹೊತ್ತು ತೆಗೆದಿಟ್ಟಿದ್ದ?"

"ಒಬ್ರು ಇಳಿಯೋವಷ್ಟು ಹೊತ್ತು."

"ಹೂಂ," ಎಂದ ಓಜೆಲ್. ಮತ್ತೆ ಚಮಚ ಎತ್ತಿಕೊಳ್ಳಲಿಲ್ಲ.

ಕೆಟೂರಾ ಹಿಂದಿನ ಓಣಿಯಿಂದ ಮನೆಗೆ ಹೋದಳು. ಎರಡು ವರ್ಷದಿಂದ ಅವಳು ಓಡಾಡುವುದು ಓಣಿಯ ಬಾಗಿಲಿನಿಂದಲೇ. ಅವಳ ಗಂಡ ಡೆಸ್ಮಂಡ್ ಹದಿನಾಲ್ಕನೇ ನಂಬರ್ ಬಸ್ಸಿನಿಂದ ಇಳಿದು ಬಂದವನು ಮನೆಯ ಮುಂದಿನ ದಾರಿಯಲ್ಲಿ, ಮೂರನೇ ಚಪ್ಪಡಿಯ ಮೇಲೆ, ಕುಸಿದು ಬಿದ್ದು ತೀರಿಕೊಂಡಿದ್ದ. ಅವನಿಗೆ ಆಗ ಮೂವತ್ತಾರು ವರ್ಷ. ಕೈಯಲ್ಲಿ ಹಾಲಿನ ಡಬ್ಬಿಯಿತ್ತು. ಅದು ಒಡೆದಿರಲಿಲ್ಲ. ಆಮೇಲೆ ಆ ದಾರಿಯ ಹಿಮವನ್ನು ಯಾರೂ ತೆಗೆದಿರಲಿಲ್ಲ. ಮುಂಬಾಗಿಲನ್ನೂ, ಮುಂದಿನ ಪರದೆಯನ್ನೂ ತೆರೆದಿರಲಿಲ್ಲ.

ಬುಧವಾರ ಹನ್ನೊಂದಕ್ಕೆ, ಅವಳು ನೀರಿನ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದಾಗ, ಡೋರ್ಥಾಳ ಫೋನು ಬಂತು.

"ಏಳು! ಎಣಿಸೋಕೆ ಬಂದೋಳು ಏಳು ಅಂತ ಬರ್ಕೊಂಡ್ಳು ಕಣೇ! ಎಲ್ಲ ಮುಗಿಸಿ ನಮ್ಮ ಮೂಲೇಲಿ ನಿಂತು ಬರೆಯೋವಾಗ ನಾನೇ ಕಣ್ಣಾರೆ ನೋಡ್ದೆ. ಸಂಜೆ ಬಾ, ಕೋಳಿ ಹುರೀತೀನಿ."

ಸಂಜೆ ಬಸ್ಸಿನಿಂದ ಇಳಿದು ಓಣಿಗೆ ತಿರುಗುವಾಗ ಅವಳಿಗೆ ಕೋಳಿಯ ವಾಸನೆ ಬಡಿಯಿತು. ಬಹಳ ದಿನಗಳ ಮೇಲೆ ಹಸಿವಾಯಿತು. ಆದರೆ ಓಜೆಲ್ ಅವಳ ಹಿಂಬಾಗಿಲಲ್ಲಿ ಕಾದು ನಿಂತಿದ್ದ, ತಲೆಯ ಟೋಪಿ ಕೈಯಲ್ಲಿತ್ತು.

"ಮಗಳೇ, ನಿನ್ನ ಮುಂಬಾಗಿಲು ತೆಗಿ."

"ಏನಾಯ್ತು?"

"ತೆಗಿ, ಹೇಳ್ತೀನಿ."

ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಇಬ್ಬರೂ ಸೇರಿ ಎಳೆದರು. ಹೊರಮೈಗೆ ಕಿತ್ತಳೆ ಚೀಟಿ ಅಂಟಿಸಿತ್ತು. ಜನವಸತಿ ಇಲ್ಲ. ಕೆಳಗೆ ಕೆಡವುವ ತಾರೀಕು.

ಡೋರ್ಥಾ ಅಂಗಿಯ ಮೇಲೆ ಹಿಟ್ಟು ಮೆತ್ತಿಕೊಂಡೇ ಓಡಿ ಬಂದಳು. ಮೂವರೂ ನಿಂತು ಆ ದಾರಿಯನ್ನು ನೋಡಿದರು. ಮೊಣಕಾಲುದ್ದ ಹಿಮ, ಚೀಟಿ ಅಂಟಿಸಿ ಹೋದವಳ ಹೆಜ್ಜೆ ಬಿಟ್ಟರೆ ಬೇರೆ ಗುರುತಿಲ್ಲ. ದೀಪವಿಲ್ಲದ ಜಗಲಿ. ಡಬ್ಬವಿಲ್ಲ. ಮುಚ್ಚಿದ ಪರದೆ.

"ನಮ್ಮ ಬುದ್ಧಿಗಿಷ್ಟು," ಎಂದಳು ಡೋರ್ಥಾ. "ಇಲ್ಲದವರ ಮನೆಗೆಲ್ಲ ದೀಪ ಹಚ್ಚಿ ಇರೋಳನ್ನ ಮರೆತ್ವಿ."

ಓಜೆಲ್ ಬೆರಳು ಮಡಿಚುತ್ತಿದ್ದ. "ನನ್ನದೊಂದು, ಡೋರ್ಥಾದು ಒಂದು, ನಾಲ್ಕು ಸುಳ್ಳುಮನೆ. ಆರು. ಇವಳದ್ದು ಸೇರಿಲ್ಲ. ಮತ್ತೆ ಆ ಹೆಂಗಸು ಏಳು ಅಂತ ಹೆಂಗೆ ಬರೆದ್ಳು?"

ಯಾರೂ ಪಿಕೆಟ್ ಮನೆಯ ಕಡೆ ತಿರುಗಲಿಲ್ಲ. ತಿರುಗದೆಯೇ ಮೂವರಿಗೂ ಗೊತ್ತಿತ್ತು, ಅದರ ಜಗಲಿಯಲ್ಲಿ ಹಳದಿ ಬೆಳಕಿತ್ತು.

ಮರುದಿನ ಕೆಟೂರಾ ಚೀಟಿಯ ಮೇಲಿದ್ದ ನಂಬರಿಗೆ ಫೋನು ಮಾಡಿದಳು. ಎಣಿಕೆಗೆ ಬಂದಿದ್ದ ಪೊಡೊಲ್ಸ್ಕಿ ಎಂಬ ಹೆಂಗಸೇ ಎತ್ತಿಕೊಂಡಳು. ದನಿ ಒರಟಾಗಿರಲಿಲ್ಲ.

"ನೀವು ಅಲ್ಲೇ ಇರೋದಾದ್ರೆ ಒಳ್ಳೇದೇ ಆಯ್ತಲ್ಲಮ್ಮ. ಮುಂದಿನ ಬುಧವಾರ ಒಂಬತ್ತಕ್ಕೆ ಬರ್ತೀನಿ. ಮನೆ ನೋಡಿದ ಕೂಡ್ಲೇ ಜನ ಇದಾರೆ ಅಂತ ಗೊತ್ತಾಗ್ಬೇಕು. ಆದ್ರೆ ನಾನು ಸುಮ್ಮನೆ ಚೀಟಿ ಅಂಟಿಸಿಲ್ಲ, ಪಕ್ಕದ ಮನೇಲಿ ಕೇಳಿಯೇ ಅಂಟಿಸಿದ್ದು."

"ಯಾವ ಪಕ್ಕ?"

"ನಿಮ್ಮ ಎಡಗಡೆ. ಹಸಿರು ಬಾಗಿಲು. ಬಾಗಿಲು ಅರ್ಧ ತೆಗೆದು ಮಾತಾಡಿದ್ರು. ಒಳಗೆ ಕತ್ತಲೆ, ಮುಖ ಸರಿಯಾಗಿ ಕಾಣ್ಲಿಲ್ಲ. ತುಂಬ ಮರ್ಯಾದಸ್ಥರು."

ಕೆಟೂರಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. "ಏನಂದ್ರು?"

"ಎರಡು ವರ್ಷದಿಂದ ಅಲ್ಲಿ ಯಾರೂ ಇಲ್ಲ ಅಂದ್ರು. ಒಬ್ಬ ಹೆಂಗಸು ಬರ್ತಾಳೆ, ಎಲ್ಲರ ಡಬ್ಬ ಎಳೀತಾಳೆ, ಎಲ್ಲರ ಹಿಮ ತೆಗೀತಾಳೆ. ಆದ್ರೆ ಆ ಮನೇಲಿ ಇರೋಲ್ಲ ಅಂದ್ರು."

ಶನಿವಾರ ಮಧ್ಯಾಹ್ನ, ಒಳ್ಳೆಯ ಬಿಸಿಲಿನಲ್ಲಿ, ಅವಳು ಪಿಕೆಟ್ ಮನೆಯ ಪಕ್ಕದಿಂದ ಸುತ್ತಿ ಹಿಂದಕ್ಕೆ ಹೋದಳು. ಅಡುಗೆಮನೆಗೆ ಚಾವಣಿ ಇರಲಿಲ್ಲ. ಒಲೆಯ ಮೇಲೆ, ನೆಲದ ಮೇಲೆ ಹಿಮ ನುಣ್ಣಗೆ ಕೂತಿತ್ತು. ಹಕ್ಕಿಯ ಕಾಲಿನ ಗುರುತೂ ಇರಲಿಲ್ಲ. ನಡುವಿನ ಕೋಣೆಯಾಚೆ ಹಸಿರು ಬಾಗಿಲಿನ ಒಳಮೈ ಕಾಣುತ್ತಿತ್ತು. ಕರಿಹಿಡಿದ ಬಾಗಿಲು, ಅಡ್ಡಕ್ಕೆ ಮರದ ಪಟ್ಟಿ ಹೊಡೆದಿತ್ತು. ಒಳಗಿನಿಂದ ಹೊಡೆದ ಪಟ್ಟಿ. ಅದರ ಮೊಳೆಗಳು ತುಕ್ಕು ಹಿಡಿದಿದ್ದವು.

ಅವಳು ಕೂಗಲಿಲ್ಲ. ಬಹಳ ಹೊತ್ತು ಕಿವಿಗೊಟ್ಟು ನಿಂತಳು. ಡೆಸ್ಮಂಡ್‌ಗೆ ಗಂಟಲು ಸರಿಪಡಿಸಿಕೊಳ್ಳುವ ಅಭ್ಯಾಸವಿತ್ತು. ಅಂಥದ್ದೇನೂ ಕೇಳಿಸಲಿಲ್ಲ. ಮನಸ್ಸಿನಲ್ಲಿ ಎದ್ದಿದ್ದು ಭಯವೋ ಆಸೆಯೋ ಅವಳಿಗೇ ತಿಳಿಯಲಿಲ್ಲ.

ನಾಲ್ಕು ಮನೆ ಬದುಕಿಸಿದವಳಿಗೆ ತನ್ನದನ್ನು ಎಲ್ಲಿಂದ ಶುರು ಮಾಡಬೇಕೆಂದು ಹೊಳೆಯಲಿಲ್ಲ. ಭಾನುವಾರ ಚರ್ಚು ಮುಗಿದ ಮೇಲೆ ಡೋರ್ಥಾ ಬಂದು ಪರದೆ ಸರಿಸಿ, "ಅಯ್ಯೋ ಈ ದೂಳು! ಇದನ್ನ ಒಗೆದ್ರೆ ಇನ್ನೊಂದು ಪರದೆ ಸಿಗುತ್ತೆ" ಎಂದಳು. ಓಜೆಲ್ ಹೊಸ ಬ್ಯಾಟರಿ ಹಾಕಿ ದೀಪ ಕಟ್ಟಿದ. ಸೋಮವಾರ ಮತ್ತೆ ಹಿಮ ಬಿತ್ತು. ಮಂಗಳವಾರ ಅವಳು ತನ್ನ ಕಸವನ್ನು ಹಂಚಲಿಲ್ಲ. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ತನ್ನ ಡಬ್ಬವನ್ನು ಅಂಚಿಗೆ ಒಯ್ದಳು.

ಬುಧವಾರ ಬೆಳಕು ಹರಿದಾಗ ಸಲಿಕೆ ಹಿಡಿದು ಮುಂಬಾಗಿಲಿನಿಂದ ಹೊರಬಂದಳು. ಮೇಲಿನ ಹಿಮ ಹಗುರ, ಕೆಳಗಿನದು ಕಲ್ಲಾಗಿತ್ತು. ಒಂದನೆಯ ಚಪ್ಪಡಿ. ಎರಡನೆಯದು. ಮೂರನೆಯದರ ಮೇಲೆ ಸಲಿಕೆ ಇಡಲು ಬಹಳ ಹೊತ್ತು ಬೇಕಾಯಿತು. ಇಟ್ಟಳು. ಕೆಳಗೆ ಬರೀ ಸಿಮೆಂಟು ಸಿಕ್ಕಿತು, ಉಳಿದವುಗಳಂತೆಯೇ. ಅಲ್ಲಿ ಏನಾದರೂ ಉಳಿದಿರುತ್ತದೆ ಎಂದುಕೊಂಡಿದ್ದಳು. ಮುಂದುವರಿದು ಬೀದಿಯವರೆಗೂ ತೆಗೆದಳು.

ಒಂಬತ್ತಕ್ಕೆ ಪೊಡೊಲ್ಸ್ಕಿ ಬಂದಳು. ದಾರಿ ನೋಡಿದಳು, ದೀಪ ನೋಡಿದಳು, ಬೆವರಿದ ಕೆಟೂರಾಳ ಮುಖ ನೋಡಿದಳು. ಚೀಟಿಯನ್ನು ಕಿತ್ತು ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡಳು.

"ಮುಗೀತಮ್ಮ. ನಿಮ್ಮ ಮನೆ ನಿಮ್ಮದು." ಆಮೇಲೆ ಎಡಗಡೆಗೆ ತಿರುಗಿ ಹಸಿರು ಬಾಗಿಲನ್ನೇ ನೋಡಿದಳು. "ಇವತ್ತು ಹಿಂದಿನ ಓಣಿಯಿಂದ ಬಂದೆ. ಆ ಮನೆಗೆ ಹಿಂದುಗಡೆ ಗೋಡೆನೇ ಇಲ್ಲ."

"ಹೌದು."

"ಆದ್ರೆ ನಾನು ಮಾತಾಡಿದೀನಿ." ಅವಳ ಪೆನ್ನು ಕಾಗದದ ಮೇಲೆ ನಿಂತಿತ್ತು. "ನಿಜ ಹೇಳಿ. ಅಲ್ಲಿ ಯಾರಾದ್ರೂ ಇದಾರಾ? ಇಲ್ಲ ಅಂದ್ರೆ ನಾನು ಪ್ರತಿಯೊಂದು ಮನೆಗೂ ಹಿಂದಿನಿಂದ ಹೋಗಿ ನೋಡ್ಬೇಕಾಗುತ್ತೆ."

ಎದುರು ಜಗಲಿಯಲ್ಲಿ ಓಜೆಲ್ ಟೋಪಿ ಹಿಸುಕುತ್ತಾ ನಿಂತಿದ್ದ. ಟಾಲಿವರ್ ಮನೆಯ ಕಿಟಕಿಯಲ್ಲಿ ಡೋರ್ಥಾ ಕಟ್ಟಿದ ಪರದೆ ನೆಟ್ಟಗಿತ್ತು. ಪಿಕೆಟ್ ಮನೆಯ ಮುಂದಿನ ಹಿಮವನ್ನು ಅಂದೂ ತೆಗೆದಿತ್ತು, ಅವಳು ಸಲಿಕೆ ಹಿಡಿದು ಹೊರಬರುವ ಮುಂಚೆಯೇ.

"ಇದಾರೆ," ಎಂದಳು ಕೆಟೂರಾ. "ಹೊರಗೆ ಅಷ್ಟು ಕಾಣಿಸ್ಕೊಳ್ಳೋಲ್ಲ. ಆದ್ರೆ ಇದಾರೆ."

ಪೊಡೊಲ್ಸ್ಕಿ ಕಾಗದವನ್ನು ನೆಟ್ಟಗೆ ಹಿಡಿದಳು. ಆಮೇಲೆ ಬರೆದುಕೊಂಡಳು. ಎಂಟು.

ಆ ಸಂಜೆ ಬಸ್ಸಿನಲ್ಲಿ ಕೆಟೂರಾಳ ಕೈ ಹಗ್ಗದತ್ತ ಹೋಗುವ ಮುಂಚೆಯೇ ಗಂಟೆ ಹೊಡೆಯಿತು. ಹಿಂದಿನ ಬಾಗಿಲು ತೆರೆದು, ಒಬ್ಬರು ಇಳಿಯುವಷ್ಟು ಹೊತ್ತು ನಿಂತು, ಮುಚ್ಚಿಕೊಂಡಿತು. ಅವಳು ಓಣಿಗೆ ತಿರುಗದೆ ಬೀದಿಯಲ್ಲೇ ನಡೆದಳು. ಹಿಂದೆ ಹೆಜ್ಜೆಗಳಿದ್ದವು, ಅವಸರವಿಲ್ಲದವು. ಕಾರ್ವರ್ ಬೀದಿಯಲ್ಲಿ ಸಿಕ್ಕವರನ್ನು ಮಾತಾಡಿಸದೆ ಯಾರೂ ದಾಟುವುದಿಲ್ಲ. ಅದು ಅವರೆಲ್ಲರೂ ಚಿಕ್ಕಂದಿನಿಂದ ಕಲಿತದ್ದು.

"ಚಳಿ ಜಾಸ್ತಿ ಅಲ್ವಾ," ಎಂದಳು, ತಿರುಗಿ ನೋಡದೆ.

ಹೆಜ್ಜೆಗಳು ಹಸಿರು ಬಾಗಿಲಿನ ಕಡೆಗೆ ಹೊರಳಿದವು. ಬಾಗಿಲಿನ ಸದ್ದಾಗಲಿಲ್ಲ.

ಅವಳ ಕಸದ ಡಬ್ಬವನ್ನು ಆಗಲೇ ಯಾರೋ ಬೀದಿಯಿಂದ ಒಳಗೆ ತಂದಿದ್ದರು. ಜಗಲಿಯ ಪಕ್ಕ ನಿಲ್ಲಿಸಿತ್ತು, ಹಿಡಿ ಗೋಡೆಯ ಕಡೆಗೆ. ಡೆಸ್ಮಂಡ್ ಯಾವತ್ತೂ ಹಾಗೆ ನಿಲ್ಲಿಸಿದವನಲ್ಲ. ಹಿಡಿ ದಾರಿಯ ಕಡೆಗಿರಬೇಕು, ಮುಂದಿನ ವಾರ ಎಳೆಯಲು ಸುಲಭ, ಎನ್ನುತ್ತಿದ್ದ.

ಅವಳು ಸ್ವಲ್ಪ ಹೊತ್ತು ಅದನ್ನು ನೋಡುತ್ತಾ ನಿಂತಳು. ಆಮೇಲೆ ಹಿಡಿ ದಾರಿಯ ಕಡೆಗೆ ಬರುವಂತೆ ಡಬ್ಬವನ್ನು ತಿರುಗಿಸಿಟ್ಟು, ಮುಂಬಾಗಿಲಿನಿಂದ ಒಳಗೆ ಹೋದಳು.