ಅಕ್ಕನ ಜಡೆ

ಕ್ಷೌರದವನು ಕತ್ತರಿ ತೆರೆದು ಕೂದಲಿನ ಹತ್ತಿರ ತಂದವನು ಅಲ್ಲಿಗೇ ನಿಲ್ಲಿಸಿದ. ಗಡ್ಡ ಹೆರೆದಾಗಿತ್ತು, ಮೀಸೆ ತಿದ್ದಿಯಾಗಿತ್ತು. ಉಳಿದದ್ದು ದಿಂಬಿನಿಂದ ಮಂಚದ ಅಂಚಿಗೆ ಇಳಿದಿದ್ದ ನರೆಗೂದಲು. ಎದ್ದು ನಿಂತರೆ ಸೊಂಟ ಮುಟ್ಟುತ್ತಿದ್ದ ಕೂದಲು.

"ಏನು ನೋಡ್ತಾ ನಿಂತೆ? ಕಿವಿ ಮಟ್ಟಕ್ಕೆ ಕತ್ತರಿಸು," ಅಂದರು ಸತ್ತವನ ಅಣ್ಣ. ಮೂವತ್ತೆರಡು ವರ್ಷ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ತಮ್ಮನ ಹೆಣದ ಮುಂದೆಯೂ ಅವರ ಬೆನ್ನು ಬಾಗಿರಲಿಲ್ಲ.

"ಮೂವತ್ತು ವರ್ಷ ಇವರ ಗಡ್ಡ ಮಾಡಿದೀನಿ ಮಾಸ್ತರೇ. ತಲೆ ಮೇಲೆ ಕೈಯಿಡೋಕೆ ಒಂದು ದಿನಾನೂ ಬಿಟ್ಟಿಲ್ಲ. ಈಗ ಬೇಡ ಅನ್ನೋಕೆ ಬಾಯಿಲ್ಲ ಅಂತ ಕತ್ತರಿ ಆಡಿಸೋದು..." ಅವನು ಮಂಚದ ಕಾಲ್ದೆಸೆಯಲ್ಲಿ ಕೂತಿದ್ದ ಸತ್ತವನ ಹೆಂಡತಿಯ ಕಡೆ ತಿರುಗಿದ. "ಅಮ್ಮ ಏನಂತಾರೆ?"

"ಬೇಡ ಭಾವ. ಹಾಗೇ ಇರಲಿ," ಅಂದಳು ಆಕೆ.

"ನೋಡಮ್ಮ, ಇಷ್ಟು ವರ್ಷ ಹಾಗೇ ಇತ್ತು. ನಾನು ಏನಾದ್ರೂ ಅಂದೆನಾ?"

"ಅಂದ್ರಿ."

"ಅಂದೆ. ಅವನು ಕೇಳಿದನಾ?" ಅವರು ದನಿ ತಗ್ಗಿಸಿದರು. "ಇನ್ನೊಂದು ಗಂಟೇಲಿ ಗಾಡಿ ಬರತ್ತೆ. ಅವನ ಕಾರ್ಖಾನೆಯವರು ಬರ್ತಾರೆ, ನಮ್ಮ ಶಾಲೆಯವರು ಬರ್ತಾರೆ. ಮುಖ ನೋಡೋಕೆ ಬಂದವರು ತಲೆ ನೋಡ್ಕೊಂಡು ನಗ್ತಾರೆ. ಇವತ್ತೊಂದು ದಿನ ಯಾರೂ ಅವನನ್ನ ನೋಡಿ ನಗಬಾರದು. ಗಂಡಸಿನ ಹಾಗೆ ಹೋಗಲಿ."

"ನನ್ನ ಜೊತೆ ಇಷ್ಟು ವರ್ಷ ಇದ್ದೋರು ಗಂಡಸೇ ಭಾವ."

ಕ್ಷೌರದವನು ತನ್ನ ಚೀಲದೊಳಗೆ ಏನೋ ಹುಡುಕುವವನಂತೆ ತಲೆ ತಗ್ಗಿಸಿದ.

*

ಆಗ ತಮ್ಮನಿಗೆ ಹದಿನಾರು, ಅಣ್ಣನಿಗೆ ಹತ್ತೊಂಬತ್ತು. ಬಸ್ ನಿಲ್ದಾಣದಲ್ಲಿ ಮೂವರು ಹುಡುಗರು ಹಿಂದಿನಿಂದ ಬಂದು, "ಎಲ್ಲಿಗಮ್ಮ ಒಬ್ಬಳೇ ಹೊರಟೆ? ಜೊತೆಗೆ ಬರ್ಲಾ?" ಅಂದರು.

ತಮ್ಮ ತಿರುಗಿ ನೋಡಿ, "ಬಾರಪ್ಪ. ಟಿಕೇಟು ಮಾತ್ರ ನಿಂದೇ," ಎಂದು ತಾನೂ ನಕ್ಕ. ನಗಲಾಗದೆ ಹೋದದ್ದು ಅಣ್ಣನಿಗೆ. ಒಬ್ಬನ ಅಂಗಿ ಹರಿದ. ತನ್ನ ಮುಂದಿನ ಹಲ್ಲಿನ ಅರ್ಧ ಕಳೆದುಕೊಂಡ.

"ನಿನ್ನ ಕೂದಲಿಗೆ ನನ್ನ ಹಲ್ಲು ಹೋಯ್ತಲ್ಲೋ."

"ನಾನು ಹೊಡಿ ಅಂದೆನಾ ಅಣ್ಣ? ನಗ್ತಿದ್ರು. ನಕ್ಕು ಸುಸ್ತಾದ್ಮೇಲೆ ಹೋಗ್ತಿದ್ರು."

ಕಂಡವರ ನಗೆಗೆ ಈಡಾಗಿ, ಅದನ್ನು ಅಂಗಿಯ ಮೇಲಿನ ದೂಳಿನಂತೆ ಕೊಡವಿಕೊಂಡು ಹೋಗುವವನು ಎಂಥ ಗಂಡಸು ಎಂಬುದು ಅಣ್ಣನಿಗೆ ಅಂದೂ ತಿಳಿಯಲಿಲ್ಲ, ಮುಂದೆಯೂ ತಿಳಿಯಲಿಲ್ಲ. ತಮ್ಮನ ಮೇಲೆ ಬಿದ್ದ ಒಂದೊಂದು ನಗೆಯೂ ತನ್ನ ಮೇಲೆ ಬಿದ್ದ ಏಟೆಂದೇ ಅವರು ಬದುಕಿದರು.

*

ಹೆಂಡತಿ ಅವನನ್ನು ಮೊದಲು ಕಂಡದ್ದು ತಾನು ಕೆಲಸ ಮಾಡುತ್ತಿದ್ದ ಹೊಲಿಗೆ ಅಂಗಡಿಯಲ್ಲಿ. ಬಟ್ಟೆಯ ಟೋಪಿ ಹೊಲಿಸಬೇಕೆಂದು ಬಂದಿದ್ದ.

"ಇಷ್ಟು ಆಳದ ಟೋಪಿಯಾ? ತಲೆ ಜೊತೆ ಇನ್ನೇನಿಡ್ತೀರಿ?" ಎಂದು ಕೇಳಿದ್ದಳು.

ಅವನು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಅಂಗಡಿಯ ಹೊಲಿಗೆ ಯಂತ್ರಗಳೆಲ್ಲ ಒಟ್ಟಿಗೇ ನಿಂತವು.

"ಯಾಕೆ ಬಿಟ್ಟಿದೀರಿ ಇದನ್ನ?"

ಅವನು ಸ್ವಲ್ಪ ಯೋಚಿಸಿ, "ನನಗೆ ಚೆನ್ನಾಗಿ ಕಾಣತ್ತೆ ಅಂತ," ಅಂದ.

ಸಣ್ಣ ಆಸೆಗೆ ದೊಡ್ಡ ಕಾರಣ ಕೊಡುವ ಗಂಡಸರನ್ನು ಆಕೆ ಸಾಕಷ್ಟು ನೋಡಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದವನು ಇವನೊಬ್ಬ. ಟೋಪಿಯ ಅಳತೆಯನ್ನು ಎರಡು ಸಲ ತೆಗೆದುಕೊಂಡಳು.

ಆಮೇಲಿನ ಸಂಸಾರದಲ್ಲಿ ಜಗಳವೆಂದರೆ ಬಚ್ಚಲಿನ ತೂಬಿಗೆ ಸಿಕ್ಕಿದ ಕೂದಲು ಯಾರದೆಂಬುದು. ಅವನದು ಮೊದಲು ನರೆತದ್ದರಿಂದ ಆ ವ್ಯಾಜ್ಯವೂ ತೀರಿತು. ರಜೆಯ ದಿನ ತಲೆಗೆ ನೀರು ಹಾಕಿಕೊಂಡು, ಕೂದಲನ್ನು ಕುರ್ಚಿಯ ಬೆನ್ನಿನ ಆಚೆಗೆ ಹರವಿ, ಬಿಸಿಲಿನಲ್ಲಿ ಪತ್ರಿಕೆ ಓದುತ್ತ ಕೂರುವನು. ಆಗ ಅವನ ಮುಖದಲ್ಲಿ ಈ ಲೋಕದಿಂದ ಬರಬೇಕಾದ ಬಾಕಿ ಯಾವುದೂ ಇರುತ್ತಿರಲಿಲ್ಲ.

*

ಕಾರ್ಖಾನೆಯವರು ಮೂವರು ಬಂದರು. ಮುಂದಿದ್ದವನಿಗೆ ಅಲ್ಲಿ ಗೂಳಿ ಎಂದೇ ಹೆಸರು. ಬಾಗಿಲಿನಲ್ಲಿ ಹೆಗಲನ್ನು ಓರೆ ಮಾಡಿಕೊಂಡೇ ಒಳಗೆ ಬಂದ. ಮಂಚದ ಹತ್ತಿರ ನಿಂತು ಮುಖ ನೋಡಿದ, ಕೂದಲು ನೋಡಿದ, ಹುಬ್ಬು ಗಂಟಿಕ್ಕಿದ.

"ಇದೇನಮ್ಮ, ಹೀಗೆ ಬಿಚ್ಚಿ ಮಲಗಿಸಿದೀರಿ?"

"ನಾನೂ ಅದನ್ನೇ ಹೇಳ್ತಿರೋದು," ಅಂದರು ಅಣ್ಣ. "ಈಗ ಕತ್ತರಿಸ್ತಾನೆ."

"ಕತ್ತರಿಸೋದಾ? ಯಾಕೆ ಸಾರ್? ನಾವು ಅಕ್ಕನಿಗೆ ಜಡೆ ಹಾಕಿ ಕಳಿಸೋಣ ಅಂತ ಬಂದ್ವಿ."

ಅಣ್ಣನ ಕೈ ಮುಷ್ಟಿಯಾಯಿತು. "ಏನಂದೆ? ಅಕ್ಕ?"

ಗೂಳಿ ನಾಲಿಗೆ ಕಚ್ಚಿಕೊಂಡ. "ಅದು ಮಷೀನ್ ಶಾಪಲ್ಲಿ ಕರೆಯೋ ಹೆಸರು ಸಾರ್."

"ಅಂದ್ರೆ ನೀವೂ ನಗ್ತಿದ್ರಿ."

"ನಗ್ತಿದ್ವಿ. ಸುಳ್ಳು ಯಾಕೆ ಹೇಳ್ಲಿ. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಅಂದೋನೂ ನಾನೇ, ಅಕ್ಕ ಅಂತ ಹೆಸರಿಟ್ಟೋನೂ ನಾನೇ. ಎರಡು ವರ್ಷ ನಕ್ವಿ ಸಾರ್. ಆಮೇಲೆ ಜಡೆ ಹಾಕೋದು ಕಲಿತ್ವಿ."

ಗೂಳಿ ಮಂಚದ ಮೇಲಿನ ಕೂದಲಿನ ಕಡೆ ಕೈ ತೋರಿಸಿದ. "ಲೇತು ಮಷೀನು ತಿರುಗ್ತಿರೋವಾಗ ಒಂದೆಳೆ ಸಿಕ್ಕಿದ್ರೆ ತಲೇನೇ ಎಳ್ಕೊಂಡು ಹೋಗತ್ತೆ. ಫೋರ್‌ಮನ್ ಹೇಳಿದ್ರು, ತನ್ನ ಹಿಂದಲೆ ತನಗೆ ಕಾಣಲ್ಲ, ಪಕ್ಕದ ಲೇತಿನವನು ಜಡೆ ಹಾಕಿ ಎಳೆದು ನೋಡಿದ ಮೇಲೇನೇ ಇವನು ಮಷೀನ್ ಶುರು ಮಾಡಬೇಕು ಅಂತ. ಪಕ್ಕದ ಲೇತು ನಂದು. ಇಪ್ಪತ್ತಾರು ವರ್ಷ, ದಿನಾ ಬೆಳಿಗ್ಗೆ."

"ನಾನು ಅವರೇ ಹಾಕ್ಕೋತಾರೆ ಅಂದ್ಕೊಂಡಿದ್ದೆ," ಅಂದಳು ಹೆಂಡತಿ. "ಬರೋವಾಗ ಬಿಚ್ಕೊಂಡೇ ಬರೋರು." ಬೆಳಗಿನಿಂದ ಮೊದಲ ಸಲ ಆಕೆಯ ತುಟಿ ಅರಳಿತು. "ಎಣ್ಣೆಗೆ ನಾನು, ಜಡೆಗೆ ನೀವು."

"ಗೂಳಿ ರಜೆ ಹಾಕಿದ ದಿನ ನಾವು ಹಾಕ್ತಿದ್ವಿ ಅಮ್ಮ," ಅಂದ ಹಿಂದೆ ನಿಂತಿದ್ದವನು. "ಶಾಪಲ್ಲಿ ಏಳು ಜನಕ್ಕೆ ಜಡೆ ಹಾಕೋಕೆ ಬರತ್ತೆ."

"ನನ್ನಾಕೆ ಆಸ್ಪತ್ರೇಲಿದ್ದಾಗ ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸ್ದೋನು ನಾನು," ಅಂದ ಗೂಳಿ. "ಯಾರು ಹಾಕಿದ್ದು ಇಷ್ಟು ಚೆನ್ನಾಗಿ ಅಂತ ಟೀಚರ್ ಕೇಳಿದ್ರಂತೆ. ಅಪ್ಪ ಅಂದ್ಳಂತೆ. ನಂಬಲೇ ಇಲ್ವಂತೆ."

ಅಣ್ಣ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. ಸಾಲಿನಲ್ಲಿ ನಿಂತ ಮಕ್ಕಳಲ್ಲಿ ನಕ್ಕವನು ಯಾರೆಂದು ಹುಡುಕುವಾಗ ನೋಡುತ್ತಿದ್ದ ಹಾಗೆಯೇ ನೋಡಿದರು. ಯಾರೂ ಸಿಗಲಿಲ್ಲ.

ಗೂಳಿ ಮಂಡಿಯೂರಿದ. "ತಲೆ ಸ್ವಲ್ಪ ಎತ್ತಿ ಹಿಡೀಬೇಕಲ್ಲ ಸಾರ್."

ಕ್ಷೌರದವನು ಮುಂದೆ ಬರುವಷ್ಟರಲ್ಲಿ ಮಾಸ್ತರರು ಕೋಟಿನ ತೋಳು ಮೇಲೆಳೆದುಕೊಂಡು ನೆಲಕ್ಕೆ ಕೂತಿದ್ದರು. ಎರಡೂ ಅಂಗೈಯಲ್ಲಿ ತಮ್ಮನ ತಲೆಯನ್ನು ಎತ್ತಿ ಹಿಡಿದರು. ಹುಡುಗರಾಗಿದ್ದಾಗ ಸಿಟ್ಟಿನಲ್ಲಿ ಎಳೆದದ್ದು ಬಿಟ್ಟರೆ ಆ ಕೂದಲನ್ನು ಅವರು ಮುಟ್ಟಿದವರಲ್ಲ. ಬಹಳ ಮೆತ್ತಗಿತ್ತು.

ಗೂಳಿಯ ಬೆರಳುಗಳು ಬಾಳೆಕಾಯಿಯಷ್ಟು ದಪ್ಪ. ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಜಗ್ಗದ ಗ್ರೀಸು. ಆದರೂ ಜಡೆಯ ಮೂರು ಕಾಲುಗಳು ಒಂದರ ಮೇಲೊಂದು, ಹೊಸೆದ ಹಗ್ಗದಂತೆ ಒತ್ತೊತ್ತಾಗಿ ಇಳಿದವು. "ಅಷ್ಟು ಬಿಗಿ ಬೇಕಾ?" ಎಂದು ಅಣ್ಣ ಮೆಲ್ಲಗೆ ಕೇಳಿದರು.

"ಸಡಿಲ ಆದ್ರೆ ಬೈತಿದ್ದ ಸಾರ್."

ತುದಿಗೆ ನೂಲು ಸುತ್ತಿ, ಜಡೆಯನ್ನು ಭುಜದ ಮೇಲಿಂದ ಎದೆಗೆ ತಂದು ಮಲಗಿಸಿದರು. ಕ್ಷೌರದವನು ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡ.

ಹತ್ತು ಗಂಟೆಗೆ ಶಾಲೆಯವರು ಬಂದರು. ಮುಂದೆ ಬಂದ ಗಣಿತದ ಮಾಸ್ತರರು ಕೈಮುಗಿದು ಬಾಗಿದವರು, ಎದೆಯ ಮೇಲಿನದನ್ನು ಕಂಡು ಮತ್ತೆ ಕಂಡು, ತುಟಿಯ ಮೂಲೆಯಲ್ಲಿ ಬಂದದ್ದನ್ನು ಕೆಮ್ಮಿನಲ್ಲಿ ಮುಚ್ಚಿದರು.

"ಜಡೆ," ಅಂದರು ಅಣ್ಣ. "ಅವನ ಶಾಪಿನವರು ಹಾಕಿದ್ದು. ನಗು ಬಂದ್ರೆ ನಗಿ, ಪರವಾಗಿಲ್ಲ. ಅವನು ಏನೂ ಅಂದ್ಕೊಳ್ತಿರಲಿಲ್ಲ."

ಗಣಿತದವರು ನಗಲಿಲ್ಲ. ಗೆಳೆಯನ ಕರಿಯ ಕೋಟಿನ ತೋಳಿಗೆ ಎರಡು ಉದ್ದನೆಯ ಬೆಳ್ಳಿಗೂದಲು ಅಂಟಿರುವುದನ್ನು ಕಂಡು, ತೆಗೆಯಲೆಂದು ಕೈ ಚಾಚಿದರು. ಮಾಸ್ತರರು ತೋಳನ್ನು ಹಿಂದಕ್ಕೆ ಎಳೆದುಕೊಂಡು, ಅದರ ಮೇಲೆ ಇನ್ನೊಂದು ಕೈಯನ್ನು ಮೆಲ್ಲಗೆ ಇಟ್ಟುಕೊಂಡರು.